ಓದುಗರ ಪ್ರಶ್ನೆ, ತಿಳಿದವರ ಉತ್ತರ: ಅಪರೂಪದ ಬಂದೂಕು ಹರಾಜಿಗೋ, ನೇರ ಮಾರಾಟಕ್ಕೋ?

ಈ ಸಲದ ಪತ್ರಗಳೆಲ್ಲ ಅಮೆರಿಕದಲ್ಲಿ ನೆಲೆಸಿದ ಓದುಗರವು. ಹಾಗಾಗಿ ಇಲ್ಲಿನ ಉತ್ತರಗಳು ಅಲ್ಲಿನ ಕಾನೂನಿಗೆ, ಅಲ್ಲಿನ ಮಾರುಕಟ್ಟೆಗೆ ಮಾತ್ರ ಸಲ್ಲುತ್ತವೆ.

ಪ್ರಶ್ನೆ: ನನ್ನ ಪತ್ನಿಯ ತಂದೆ ಟೆಕ್ಸಾಸಿನಲ್ಲಿ ನಲವತ್ತು ವರ್ಷ ಕೂಡಿಟ್ಟ ಅರವತ್ತು ಬಂದೂಕುಗಳನ್ನು ಬಿಟ್ಟು ತೀರಿಕೊಂಡಿದ್ದಾರೆ. ಹಳೆಯ ಕೋಲ್ಟ್ ರಿವಾಲ್ವರ್, ವಿಂಚೆಸ್ಟರ್ ರೈಫಲ್‌ಗಳೇ ಹೆಚ್ಚು. ಒಬ್ಬ ಡೀಲರ್ ಎಲ್ಲಕ್ಕೂ ಸೇರಿ ಒಂದೇ ಮೊತ್ತ ಹೇಳಿದ್ದಾರೆ. ಒಂದು ಹರಾಜು ಸಂಸ್ಥೆ ನಮಗೇ ಕೊಡಿ ಅನ್ನುತ್ತಿದೆ. ಯಾವುದು ಲಾಭ?

ಲಾಭದ ಲೆಕ್ಕಕ್ಕೆ ಮುಂಚೆ ಒಂದು ಎಚ್ಚರಿಕೆ. ನೀವು ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿದ್ದರೆ ಆ ಬಂದೂಕುಗಳನ್ನು ಮನೆಗೆ ತರಬೇಡಿ, ಕಪಾಟಿನ ಬೀಗದ ಕೈಯನ್ನೂ ಇಟ್ಟುಕೊಳ್ಳಬೇಡಿ. ಅಂಥ ವೀಸಾದವರು ಬಂದೂಕನ್ನು ವಶದಲ್ಲಿಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯೇನೋ ಇದೆ, ಆದರೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧವಿಲ್ಲ. ಏನೇ ಇರಲಿ, ಉಯಿಲಿನ ನಿರ್ವಾಹಕರ ಹೆಸರಿನಲ್ಲೇ ಮಾರಾಟ ನಡೆಯಲಿ. ಹರಾಜು ಸಂಸ್ಥೆ ಹೇಗೂ ಕೋರ್ಟು ಅವರಿಗೆ ಕೊಟ್ಟ ಅಧಿಕಾರಪತ್ರವನ್ನು ಕೇಳುತ್ತದೆ.

ಇನ್ನೊಂದು, ಪ್ರತಿಯೊಂದೂ ಖಾಲಿಯಿದೆಯೇ ಎಂದು ತಿಳಿದವರಿಂದ ನೋಡಿಸಿ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗಳಲ್ಲಿ ನೂರು ವರ್ಷದ ಹಿಂದೆ ತುಂಬಿದ ಮದ್ದು ಹಾಗೆಯೇ ಉಳಿದಿರುವುದುಂಟು. ಕರಿಮದ್ದು ಒಣಗಿದ್ದರೆ ಇವತ್ತಿಗೂ ಹೊತ್ತಿಕೊಳ್ಳುತ್ತದೆ. ಮುಖ, ಕೈ ಎರಡನ್ನೂ ನಳಿಗೆಯ ನೇರಕ್ಕೆ ತರದೆ ಮರದ ಕಡ್ಡಿಯೊಂದನ್ನು ಒಳಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ ಹೊರತೆಗೆಯಬೇಕು. ಆಮೇಲೆ ಅದನ್ನೇ ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಕಡ್ಡಿಯ ತುದಿ ಕಿಡಿ ಹಾಯುವ ರಂಧ್ರದ ತನಕ ಬಾರದೆ ಒಂದೆರಡು ಅಂಗುಲ ಮೊದಲೇ ನಿಂತರೆ ಒಳಗೆ ಏನೋ ಇದೆ ಎಂದರ್ಥ. ಅದನ್ನು ತೆಗೆಯುವುದು ಬಂದೂಕು ರಿಪೇರಿಯವರ, ಅಂದರೆ ಗನ್‌ಸ್ಮಿತ್ ಕೆಲಸ.

ಈಗ ಲೆಕ್ಕ. ಒಬ್ಬ ಸಂಗ್ರಾಹಕ ಒಂದು ರೈಫಲ್‌ಗೆ ಒಟ್ಟು 10,000 ಡಾಲರ್ ಕೊಡಲು ತಯಾರಿದ್ದಾನೆ ಎಂದುಕೊಳ್ಳಿ. ಹರಾಜಿನಲ್ಲಿ ಕೊಂಡವರು ಕೂಗಿದ ಬೆಲೆಯ ಮೇಲೆ ಸಂಸ್ಥೆಗೆ ಬೇರೆಯಾಗಿ ಶುಲ್ಕ ಕಟ್ಟಬೇಕು. ಇದಕ್ಕೆ ಬೈಯರ್ಸ್ ಪ್ರೀಮಿಯಂ ಎನ್ನುತ್ತಾರೆ. ಅದು ಶೇ. 20 ಇದ್ದರೆ ಆತ ಕೂಗುವುದು 8,333ರ ತನಕ ಮಾತ್ರ, ಯಾಕೆಂದರೆ ಅದಕ್ಕೆ ಶೇ. 20 ಸೇರಿದರೆ ಅವನ 10,000 ಮುಗಿಯಿತು. ಆ 8,333ರಲ್ಲಿ ಮಾರುವವರ ಕಮಿಷನ್ ಶೇ. 10 ಕಳೆದರೆ ನಿಮಗೆ ಉಳಿಯುವುದು 7,500. ಸಾಗಣೆ, ವಿಮೆ, ಫೋಟೊ ಖರ್ಚನ್ನೂ ಕೆಲವರು ಇದರಲ್ಲೇ ಮುರಿದುಕೊಳ್ಳುತ್ತಾರೆ. ಪ್ರೀಮಿಯಂ ಕೊಳ್ಳುವವರ ತಲೆಯ ಮೇಲಿನ ಭಾರ, ನಮಗೇನು ಎಂದು ಬಹಳ ಮಂದಿ ಮಾರುವವರು ಅಂದುಕೊಂಡಿರುತ್ತಾರೆ. ಅದು ತಪ್ಪು, ಅದು ಹೊರಡುವುದು ನಿಮ್ಮ ಪಾಲಿನಿಂದಲೇ. ಅಂದರೆ ಅದೇ ವ್ಯಕ್ತಿ ನೇರವಾಗಿ 8,000 ಕೊಟ್ಟರೂ ಹರಾಜಿಗಿಂತ ನಿಮ್ಮ ಕೈಗೆ ಹೆಚ್ಚು ಬರುತ್ತದೆ, ಅವನಿಗೂ 2,000 ಉಳಿಯುತ್ತದೆ.

ಹಾಗಾದರೆ ಹರಾಜು ಯಾಕೆ ಬೇಕು? ಈ ಲೆಕ್ಕ ನಿಲ್ಲುವುದು ಆ ರೈಫಲ್‌ನ ಬೆಲೆ 10,000 ಎಂದು ಇಬ್ಬರಿಗೂ ಗೊತ್ತಿದ್ದಾಗ ಮಾತ್ರ. ಬೆಲೆ ಎಲ್ಲರಿಗೂ ತಿಳಿದಿರುವ ಬಂದೂಕನ್ನು ನೇರವಾಗಿ ಮಾರಿ. ಇದಕ್ಕೆ ಇಷ್ಟೇ ಎಂದು ಯಾರೂ ಹೇಳಲಾರದ್ದನ್ನು ಹರಾಜಿಗೆ ಕೊಡಿ. ಕುಖ್ಯಾತ ದರೋಡೆಕೋರ ಬಿಲ್ಲಿ ದಿ ಕಿಡ್‌ನನ್ನು 1881ರಲ್ಲಿ ಶೆರಿಫ್ ಪ್ಯಾಟ್ ಗ್ಯಾರೆಟ್ ಕೊಂದ ಕೋಲ್ಟ್ ರಿವಾಲ್ವರ್ 2021ರ ಆಗಸ್ಟಿನಲ್ಲಿ ಲಾಸ್ ಏಂಜಲೀಸ್‌ನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 60 ಲಕ್ಷ ಡಾಲರ್ ದಾಟಿತು. ವಸ್ತುವಾಗಿ ನೋಡಿದರೆ ಅದು ಸಾವಿರಾರು ತಯಾರಾದ ಮಾದರಿ. ಆದರೆ ಗ್ಯಾರೆಟ್ ವಿಧವೆ ಅದನ್ನು ಮರಳಿ ಪಡೆಯಲು ಕೋರ್ಟಿಗೆ ಹೋಗಿ ಗೆದ್ದಿದ್ದರು. ಅದು ಯಾರದು ಎಂಬುದಕ್ಕೆ ಆ ದಾವೆಯೇ ದಾಖಲೆ. ಅಂಥ ವಸ್ತುವಿನ ಬೆಲೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬಿಡಲೊಲ್ಲದ ಇಬ್ಬರು ಎದುರುಬದುರಾಗಿ ಸವಾಲು ಕೂಗಿದಾಗಲೇ ಅದು ಗೊತ್ತಾಗುವುದು. ನೇರ ಮಾರಾಟದಲ್ಲಿ ಆ ಎರಡನೆಯವನು ಕೋಣೆಯಲ್ಲಿ ಇರುವುದೇ ಇಲ್ಲ.

ನಿಮ್ಮ ಅರವತ್ತರಲ್ಲಿ ಅಂಥವು ಐದೋ ಹತ್ತೋ ಇರಬಹುದು. ಯಾವುವು ಎಂದು ತಿಳಿಯಲು, ಕೊಳ್ಳುವ ಆಸೆ ಇಲ್ಲದ ಮೌಲ್ಯಮಾಪಕರನ್ನು ಗಂಟೆ ಲೆಕ್ಕದ ಕೂಲಿಗೆ ಕರೆಸಿ. ಬೆಲೆಯ ಮೇಲೆ ಶೇಕಡಾವಾರು ಕೇಳುವವರು ಬೇಡ. ಬೆಲೆ ಕಟ್ಟಿದ ಮೇಲೆ 'ನಾನೇ ತೆಗೆದುಕೊಳ್ಳುತ್ತೇನೆ' ಅನ್ನುವವರಂತೂ ಬೇಡವೇ ಬೇಡ. ಆಮೇಲೆ ಕಾರ್ಖಾನೆಯ ದಾಖಲೆ ತರಿಸಿ. ಕೋಲ್ಟ್‌ಗೆ ಕಂಪನಿಯ ದಾಖಲೆ ವಿಭಾಗವೇ ಪತ್ರ ಕೊಡುತ್ತದೆ. ಹಳೆಯ ವಿಂಚೆಸ್ಟರ್ ಲೆಡ್ಜರ್‌ಗಳು ವಯೋಮಿಂಗ್‌ನ ಕೋಡಿ ಪಟ್ಟಣದ ಬಫಲೋ ಬಿಲ್ ಸೆಂಟರ್ ಆಫ್ ದಿ ವೆಸ್ಟ್ ಎಂಬ ವಸ್ತುಸಂಗ್ರಹಾಲಯದಲ್ಲಿವೆ. ಸೀರಿಯಲ್ ನಂಬರ್ ಕೊಟ್ಟರೆ ನಳಿಗೆ, ಮೆರುಗು, ಕಾರ್ಖಾನೆ ಬಿಟ್ಟ ದಿನ ಇವು ದಾಖಲೆಯಲ್ಲಿ ಇದ್ದಷ್ಟು ಸಿಗುತ್ತವೆ. ಎಲ್ಲ ನಂಬರಿಗೂ ಸಿಗುವುದಿಲ್ಲ. ಕೋಲ್ಟ್ ಕಾರ್ಖಾನೆಗೆ 1864ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದು ಅದಕ್ಕೆ ಹಿಂದಿನ ದಾಖಲೆ ಬಹಳಷ್ಟು ಸುಟ್ಟುಹೋಯಿತು. ಬಂಗಾರದ ಕೆತ್ತನೆ, ವಿಶೇಷ ಉದ್ದದ ನಳಿಗೆ ಇರುವ ಬಂದೂಕಿಗೆ ಈ ಪತ್ರವೇ ಪ್ರಾಣ. ಪತ್ರದಲ್ಲಿ ಕೆತ್ತನೆಯ ಮಾತೇ ಇಲ್ಲದಿದ್ದರೆ ಅದು ಆಮೇಲೆ ಯಾರೋ ಮಾಡಿಸಿದ್ದು ಎಂದೇ ಮಾರುಕಟ್ಟೆ ತಿಳಿಯುತ್ತದೆ.

ಡೀಲರ್ ಹೇಳಿದ ಮೊತ್ತ ಕಡಿಮೆಯಿದ್ದ ಮಾತ್ರಕ್ಕೆ ಮೋಸವಲ್ಲ. ಅವರು ದುಡ್ಡು ಹೂಡಿ, ವರ್ಷಗಟ್ಟಲೆ ಕಾದು ಒಂದೊಂದಾಗಿ ಮಾರಬೇಕು. ಚಿಲ್ಲರೆ ಬೆಲೆಯ ಅರ್ಧದಿಂದ ಮುಕ್ಕಾಲಿನೊಳಗೆ ಅವರು ನಿಲ್ಲುವುದು ಸಹಜ. ಹುಷಾರಾಗಿರಬೇಕಾದ್ದು 'ಈ ಎರಡು ಮಾತ್ರ ಕೊಡಿ, ಒಳ್ಳೆಯ ಬೆಲೆ ಕೊಡುತ್ತೇನೆ' ಎಂದು ಬರುವವರ ವಿಷಯದಲ್ಲಿ. ಆ ಎರಡು ಹೋದರೆ ಉಳಿದ ಐವತ್ತೆಂಟನ್ನು ಒಳ್ಳೆಯ ಷರತ್ತಿನ ಮೇಲೆ ತೆಗೆದುಕೊಳ್ಳಲು ಯಾವ ಹರಾಜು ಸಂಸ್ಥೆಗೂ ಕಾರಣವಿರುವುದಿಲ್ಲ. ನಿಮ್ಮ ಚೌಕಾಶಿಯ ಬಲ ಇರುವುದೇ ಆ ಎರಡರಲ್ಲಿ.

ಪ್ರಶ್ನೆ: ಹರಾಜು ಸಂಸ್ಥೆಯ ಕರಾರುಪತ್ರ ಎಂಟು ಪುಟ ಇದೆ. ಸಹಿ ಹಾಕುವ ಮುಂಚೆ ಮುಖ್ಯವಾಗಿ ಏನು ನೋಡಬೇಕು?

ಕಮಿಷನ್ ಎಷ್ಟು ಎಂದು ಎಲ್ಲರೂ ನೋಡುತ್ತಾರೆ, ಅದು ಮಾತಾಡಿದರೆ ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿರುವುದಿಲ್ಲ. ನಿಜವಾಗಿ ಒಳ್ಳೆಯ ವಸ್ತುವಿಗೆ ಶೂನ್ಯ ಕಮಿಷನ್ ಕೇಳಬಹುದು, ಕೇಳಿದವರಿಗೆ ಸಿಗುವುದೂ ಉಂಟು.

ಅದಕ್ಕಿಂತ ದೊಡ್ಡದು, ಯಾವ ಹರಾಜಿಗೆ ಹಾಕುತ್ತಾರೆ ಎಂಬುದು. ದೊಡ್ಡ ಸಂಸ್ಥೆಗಳಲ್ಲಿ ಬಣ್ಣದ ಕ್ಯಾಟಲಾಗ್ ಇರುವ ಮುಖ್ಯ ಹರಾಜು ಬೇರೆ, ದಿನಕ್ಕೆ ನೂರಾರು ವಸ್ತು ಓಡಿಸುವ ಆನ್‌ಲೈನ್ ಹರಾಜು ಬೇರೆ. ಒಂದೇ ಬಂದೂಕು ಎರಡು ಕಡೆ ಎರಡು ಬೆಲೆ ತರುತ್ತದೆ. ಪ್ರತಿ ಮುಖ್ಯ ವಸ್ತುವಿನ ಎದುರಿಗೂ ಹರಾಜಿನ ಹೆಸರು, ತಿಂಗಳು ಬರೆಸಿ. ಒಂದೇ ಮಾದರಿಯವು ಹದಿನೈದು ಇದ್ದರೆ ಎರಡು ಮೂರು ಹರಾಜಿಗೆ ಹಂಚಿಸಿ. ಒಂದೇ ದಿನ ಎಲ್ಲ ಬಂದರೆ ಅವೇ ನಾಲ್ಕು ಜನ ಕೊಳ್ಳುವವರು ಬೆಲೆ ಏರಿಸದೆ ಸರದಿಯಂತೆ ಒಂದೊಂದು ತೆಗೆದುಕೊಂಡು ಹೋಗುತ್ತಾರೆ. ಕಡಿಮೆ ಬೆಲೆಯ ಮೂರು ನಾಲ್ಕನ್ನು ಒಂದೇ ಲಾಟ್ ಮಾಡುವ ಹಕ್ಕು ಸಂಸ್ಥೆಗೆ ಇರುತ್ತದೆ. ಯಾವುದನ್ನು ಯಾವುದರ ಜೊತೆ ಸೇರಿಸಬೇಕಾದರೂ ನಿಮ್ಮ ಒಪ್ಪಿಗೆ ಬೇಕು ಎಂದು ಸೇರಿಸಿ.

ಕನಿಷ್ಠ ಬೆಲೆ, ಅಂದರೆ ರಿಸರ್ವ್, ಇಡಿಸುವಾಗ ಆಸೆ ತಡೆದುಕೊಳ್ಳಿ. ಕ್ಯಾಟಲಾಗ್‌ನಲ್ಲಿ ಅಂದಾಜು ಬೆಲೆ ತಗ್ಗಿನಲ್ಲಿದ್ದರೆ ಹೆಚ್ಚು ಜನ ಕೈ ಎತ್ತುತ್ತಾರೆ. ಕೈ ಎತ್ತಿದವರು ಆಮೇಲೆ ಸುಲಭಕ್ಕೆ ಇಳಿಸುವುದಿಲ್ಲ. ರಿಸರ್ವ್ ಮುಟ್ಟದೆ ವಾಪಸಾದರೆ ಎರಡು ನಷ್ಟ. ಒಂದು, ವಾಪಸಾದದ್ದಕ್ಕೂ ಶುಲ್ಕ ಇರುತ್ತದೆ. ಎಷ್ಟು ಎಂದು ಕರಾರಿನಲ್ಲಿ ಹುಡುಕಿ. ಇನ್ನೊಂದು, ಮಾರಾಟವಾಗದೆ ಉಳಿದ ಫಲಿತಾಂಶ ಅಂತರ್ಜಾಲದಲ್ಲಿ ಸಿಗುತ್ತದೆ. ಮುಂದಿನ ವರ್ಷ ಬರುವ ಪ್ರತಿಯೊಬ್ಬ ಗಿರಾಕಿಯೂ ಅದನ್ನು ನೋಡಿಯೇ ಬರುತ್ತಾನೆ.

ಹಣ ಬರುವ ದಿನವನ್ನೂ ನೋಡಿ. ಕ್ಯಾಟಲಾಗ್ ತಯಾರಿಗೆ ಮೂರರಿಂದ ಆರು ತಿಂಗಳು, ಹರಾಜಾದ ಮೇಲೆ ಇನ್ನೂ ಒಂದೆರಡು ತಿಂಗಳು ಹಿಡಿಯುವುದು ಸಾಮಾನ್ಯ. ಕೂಗಿದವನು ಹಣ ಕಟ್ಟದಿದ್ದರೆ ಏನು, ಕೊಂಡವನು 'ಇದು ಅಸಲಿಯಲ್ಲ' ಎಂದು ಹಿಂದಿರುಗಿಸಿದರೆ ಎಷ್ಟು ದಿನದೊಳಗೆ ನೀವು ಹಣ ವಾಪಸ್ ಕೊಡಬೇಕು, ಗೋದಾಮಿನಲ್ಲಿರುವಾಗ ವಿಮೆ ಯಾರದು, ಎಷ್ಟು ಬೆಲೆಗೆ: ಈ ನಾಲ್ಕಕ್ಕೂ ಉತ್ತರ ಕಾಗದದಲ್ಲಿ ಇರಲೇಬೇಕು. ಹಿಂದಿರುಗಿಸುವ ಅವಧಿ ಮುಗಿಯುವ ತನಕ ಆ ಹಣ ಮುಟ್ಟಬೇಡಿ.

ಸಂಸ್ಥೆಯ ಹಳೆಯ ಫಲಿತಾಂಶ ನೋಡುವಾಗ ಒಂದು ಗಮನ: ಬಹಳ ಕಡೆ ಪ್ರೀಮಿಯಂ ಸೇರಿಸಿಯೇ ಬೆಲೆ ಪ್ರಕಟಿಸಿರುತ್ತಾರೆ. ಅದನ್ನು ಕಳೆಯದೆ ಹೋಲಿಸಿದರೆ ನಿಮ್ಮ ನಿರೀಕ್ಷೆ ಐದರಲ್ಲೊಂದು ಪಾಲು ಉಬ್ಬಿರುತ್ತದೆ.

ಪ್ರಶ್ನೆ: ಯು.ಎಸ್. ಮುದ್ರೆಯ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರ್ ಇದೆ, ನಳಿಗೆ 5½ ಅಂಗುಲ. ಬಿಡಿಭಾಗಗಳ ನಂಬರುಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದು ನೋಡಲು ಬಂದವರು ಅರ್ಧ ಬೆಲೆ ಕೇಳಿದರು. ನ್ಯಾಯವೇ?

ಅಲ್ಲ. ನಿಮ್ಮ ಬಳಿ ಇರುವುದು ಸಂಗ್ರಾಹಕರು 'ಆರ್ಟಿಲರಿ' ಎಂದು ಕರೆಯುವ ರೂಪ ಆಗಿರುವ ಸಂಭವ ಹೆಚ್ಚು. ಸೈನ್ಯ ಮೊದಲು ಕೊಂಡದ್ದು 7½ ಅಂಗುಲದ ನಳಿಗೆಯವು. 1895ರಿಂದ 1903ರ ನಡುವೆ ಅವನ್ನು ವಾಪಸ್ ತರಿಸಿ, ಸರ್ಕಾರಿ ಶಸ್ತ್ರಾಗಾರವಾದ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲೂ ಕೋಲ್ಟ್ ಕಾರ್ಖಾನೆಯಲ್ಲೂ ಬಿಚ್ಚಿ, ನಳಿಗೆಯನ್ನು 5½ಕ್ಕೆ ಇಳಿಸಿ ಮತ್ತೆ ಜೋಡಿಸಿದರು. ಜೋಡಿಸುವಾಗ ಯಾವ ಭಾಗ ಯಾವುದರದ್ದು ಎಂದು ಯಾರೂ ನೋಡಲಿಲ್ಲ. ಆದ್ದರಿಂದ ಈ ರೂಪದಲ್ಲಿ ನಂಬರ್ ಬೆರೆತಿರುವುದು ದೋಷವಲ್ಲ, ಸಹಜ. ಅದೇ ನಳಿಗೆ ಇಳಿಸದೆ ಉಳಿದ, 'ಕ್ಯಾವಲ್ರಿ' ಎನ್ನುವ 7½ ಅಂಗುಲದ ಮಾದರಿಯಲ್ಲಿ ನಂಬರ್ ಬೆರೆತಿದ್ದರೆ ಬೆಲೆ ಬೀಳುವುದು ನಿಜ.

ಮುಂದಿನ ಗಿರಾಕಿ ಬರುವ ಮುಂಚೆ ಫ್ರೇಮ್ (ಉಳಿದ ಭಾಗಗಳನ್ನು ಹಿಡಿದಿಡುವ ಚೌಕಟ್ಟು), ನಳಿಗೆ, ಸಿಲಿಂಡರ್, ಟ್ರಿಗರ್ ಗಾರ್ಡ್, ಹಿಡಿಯ ಹಿಂಬದಿಯ ಪಟ್ಟಿ ಇವುಗಳ ನಂಬರ್, ಸೈನ್ಯದ ಪರವಾಗಿ ಪರೀಕ್ಷಿಸಿದ ತನಿಖಾಧಿಕಾರಿಗಳ ಮುದ್ರೆಯ ಅಕ್ಷರ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಮುದ್ರೆಯ ಅಕ್ಷರಗಳನ್ನು ನಕಲು ಮಾಡುವವರೂ ಇದ್ದಾರೆ. ಹಾಗಾಗಿ ಕೋಲ್ಟ್ ಸಂಗ್ರಾಹಕರ ಸಂಘದ ಹಿರಿಯ ಸದಸ್ಯರೊಬ್ಬರಿಗೆ ತೋರಿಸಿ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ. ಆ ಬರಹ ಇದ್ದರೆ ನೇರ ಮಾರಾಟವೇ ಸಾಕು. ಕೊಳ್ಳುವವರು ಆ ಸಂಘದಲ್ಲೇ ಸಿಗುತ್ತಾರೆ.

ಪ್ರಶ್ನೆ: ಎರಡನೇ ಮಹಾಯುದ್ಧದಿಂದ ಸೈನಿಕರೊಬ್ಬರು ತಂದ 1937ರ ಜರ್ಮನ್ ಲ್ಯೂಗರ್ ಪಿಸ್ತೂಲು ನನ್ನ ಬಳಿ ಇದೆ, ಅದನ್ನು ತರಲು ಕೊಟ್ಟ ಅನುಮತಿ ಕಾಗದವೂ ಇದೆ. ಬೇರೆ ರಾಜ್ಯದ ಒಬ್ಬರು ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ತನ್ನ ಹೆಸರಿನಲ್ಲಿ ಕೊಡುವ ಚೆಕ್) ಕಳಿಸುತ್ತೇನೆ, ಪಾರ್ಸೆಲ್ ಮಾಡಿ ಅನ್ನುತ್ತಿದ್ದಾರೆ. ಮಾಡಬಹುದೇ?

ನೇರ ಅವರ ಮನೆಗೆ ಕಳಿಸುವಂತಿಲ್ಲ. ಬೇರೆ ರಾಜ್ಯದವರಿಗೆ ಮಾರುವಾಗ ಪಿಸ್ತೂಲು ಅವರ ರಾಜ್ಯದ ಫೆಡರಲ್ ಲೈಸೆನ್ಸ್ ಇರುವ ಡೀಲರ್‌ಗೆ ಹೋಗಬೇಕು. ಅಲ್ಲಿ ಕೊಳ್ಳುವವರು ಬಂದೂಕು ಖರೀದಿಯ ಫೆಡರಲ್ ಅರ್ಜಿಯಾದ 4473 ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆ ಒಯ್ಯುತ್ತಾರೆ. ಐವತ್ತು ವರ್ಷ ದಾಟಿದ ಸಂಗ್ರಹಯೋಗ್ಯ ಬಂದೂಕುಗಳನ್ನು ಕೊಳ್ಳಲು 'ಕ್ಯೂರಿಯೊ ಅಂಡ್ ರೆಲಿಕ್' ಲೈಸೆನ್ಸ್ ಇದೆ. ಕೊಳ್ಳುವವರ ಬಳಿ ಅದಿದ್ದರೆ, ಅವರ ರಾಜ್ಯದ ಕಾನೂನು ಅಡ್ಡ ಬಾರದಿದ್ದರೆ, ನೇರವಾಗಿ ಪಡೆಯಬಹುದು. ಲೈಸೆನ್ಸಿನ ಸಹಿ ಮಾಡಿದ ಪ್ರತಿ ಮೊದಲು ನಿಮ್ಮ ಕೈಗೆ ಬರಲಿ. ಹೇಗಿದ್ದರೂ ಪಾರ್ಸೆಲ್ ಕೆಲಸ ನಿಮ್ಮೂರಿನ ಡೀಲರ್‌ಗೆ ಬಿಡಿ. ಸಣ್ಣ ಶುಲ್ಕಕ್ಕೆ ಮಾಡಿಕೊಡುತ್ತಾರೆ, ಸಾಗಣೆ ಕಂಪನಿಗಳೂ ಲೈಸೆನ್ಸ್ ಇದ್ದವರಿಂದಲೇ ತೆಗೆದುಕೊಳ್ಳುವುದು. ಒಂದೇ ರಾಜ್ಯದೊಳಗೆ ಇಬ್ಬರು ಖಾಸಗಿ ವ್ಯಕ್ತಿಗಳು ಮಾರಿಕೊಳ್ಳಲು ಫೆಡರಲ್ ಕಾನೂನಿನ ಅಡ್ಡಿಯಿಲ್ಲ. ಆದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಅದೂ ಡೀಲರ್ ಮೂಲಕವೇ ನಡೆಯಬೇಕು. ಕಡ್ಡಾಯವಿಲ್ಲದ ಕಡೆಯೂ ಡೀಲರ್ ಅಂಗಡಿಯಲ್ಲೇ ಭೇಟಿಯಾಗಿ ತಪಾಸಣೆ ಮಾಡಿಸಿ ಕೊಡುವುದು ನಮ್ಮ ಸಲಹೆ. ನಾಳೆ ಆ ನಂಬರಿನ ಪಿಸ್ತೂಲು ಯಾವುದಾದರೂ ಅಪರಾಧದಲ್ಲಿ ಸಿಕ್ಕರೆ ನೀವು ಯಾರಿಗೆ ಕೊಟ್ಟಿರಿ ಎಂಬುದಕ್ಕೆ ಕಾಗದ ಇರುತ್ತದೆ.

ಚೆಕ್ ವಿಷಯ. ಕ್ಯಾಷಿಯರ್ಸ್ ಚೆಕ್ಕನ್ನು ಖಾತೆಗೆ ಹಾಕಿದ ಮರುದಿನವೇ ಹಣ ಬಂದಂತೆ ಬ್ಯಾಂಕ್ ತೋರಿಸುತ್ತದೆ. ಚೆಕ್ ನಕಲಿ ಎಂದು ತಿಳಿಯಲು ವಾರಗಳೇ ಆಗಬಹುದು, ಆಗ ಹಣವನ್ನು ನಿಮ್ಮ ಖಾತೆಯಿಂದಲೇ ಹಿಂದಕ್ಕೆ ತೆಗೆಯುತ್ತಾರೆ. ವೈರ್ ವರ್ಗಾವಣೆ ಕೇಳಿ. ಚೆಕ್ಕೇ ಆಗಬೇಕೆಂದರೆ ಅದನ್ನು ಕೊಟ್ಟ ಬ್ಯಾಂಕಿಗೆ ನೀವೇ ಫೋನ್ ಮಾಡಿ. ಚೆಕ್ ಮೇಲೆ ಮುದ್ರಿಸಿದ ನಂಬರಿಗೆ ಬೇಡ, ನೀವೇ ಹುಡುಕಿಕೊಂಡ ನಂಬರಿಗೆ.

ಇನ್ನು ಆ ಕಾಗದ. ಅದರಲ್ಲಿ ಪಿಸ್ತೂಲಿನ ಸೀರಿಯಲ್ ನಂಬರ್, ಸೈನಿಕರ ಹೆಸರು, ಮೇಲಧಿಕಾರಿಯ ಸಹಿ ಮೂರೂ ಇದ್ದರೆ ಬೆಲೆ ಚೆನ್ನಾಗಿ ಏರುತ್ತದೆ. ನಂಬರ್ ಇಲ್ಲದೆ ಬರೀ 'ಒಂದು ಪಿಸ್ತೂಲು' ಎಂದಿದ್ದರೆ ಅದು ಯಾವ ಲ್ಯೂಗರ್‌ಗಾದರೂ ಅಂಟಿಸಬಹುದಾದ ಕಾಗದ. ಬೆಲೆಗೆ ಅಷ್ಟಾಗಿ ಕೂಡುವುದಿಲ್ಲ. ಗಿರಾಕಿಗೆ ಫೋಟೊ ಮಾತ್ರ ಕಳಿಸಿ, ಮೂಲಪ್ರತಿ ಪಿಸ್ತೂಲಿನ ಜೊತೆಗೇ ಹೋಗಲಿ. ಸಣ್ಣ ಭಾಗಗಳ ಮೇಲೆ ಸೀರಿಯಲ್‌ನ ಕೊನೆಯ ಎರಡು ಅಂಕಿ ಒತ್ತಿರುತ್ತಾರೆ, ಪ್ರತಿಯೊಂದನ್ನೂ ಹೋಲಿಸಿ. ಆ ಕಾಲದ ಮ್ಯಾಗಜೀನ್‌ಗಳ ತಳಕ್ಕೂ ನಂಬರ್ ಇರುತ್ತಿತ್ತು. ಅದೂ ಹೊಂದಿದರೆ ನಿಮ್ಮದು ನಿಜಕ್ಕೂ ಅಪರೂಪದ್ದು. ಆಗ ಹರಾಜು ಸಂಸ್ಥೆಯ ಅಂದಾಜು ಒಂದನ್ನು ಉಚಿತವಾಗಿ ಪಡೆದುಕೊಂಡೇ ಈ ಗಿರಾಕಿಯ ಜೊತೆ ಬೆಲೆ ಮಾತಾಡಿ.

ಪ್ರಶ್ನೆ: ಮಾರುವ ಮುಂಚೆ ತುಕ್ಕು ಉಜ್ಜಿ, ಮರಕ್ಕೆ ಪಾಲಿಶ್ ಮಾಡಿಸಿದರೆ ಬೆಲೆ ಹೆಚ್ಚುತ್ತದೆಯೇ?

ದಯವಿಟ್ಟು ಮಾಡಿಸಬೇಡಿ. ಮೂಲ ಮೆರುಗು ಶೇ. 30 ಉಳಿದಿರುವ ಬಂದೂಕು ಹೊಸದಾಗಿ ಮೆರುಗು ಕೊಟ್ಟದ್ದಕ್ಕಿಂತ ಹೆಚ್ಚು ಬೆಲೆಗೆ ಹೋಗುತ್ತದೆ. ತಂತಿ ಬ್ರಷ್ ಚಕ್ರಕ್ಕೆ ಹಿಡಿದರೆ ಅಕ್ಷರಗಳ ಅಂಚು ಸವೆದು ಮೊಂಡಾಗುತ್ತದೆ, ಮರಕ್ಕೆ ಮರಳುಕಾಗದ ಹಾಕಿದರೆ ತನಿಖಾಧಿಕಾರಿಯ ಮುದ್ರೆಯೇ ಅಳಿಸುತ್ತದೆ. ಇವೆರಡನ್ನೂ ಯಾವ ದುಡ್ಡಿನಿಂದಲೂ ಮರಳಿ ತರಲಾಗದು. ತಿರುಪುಗಳನ್ನೂ ಬಿಚ್ಚಬೇಡಿ. ಅಳತೆಗೆ ಸರಿಯಿಲ್ಲದ ಸ್ಕ್ರೂಡ್ರೈವರ್‌ನಿಂದ ತಲೆಯ ಗೀರು ಹರಿದಿದ್ದರೆ 'ಒಳಗೆ ಯಾರೋ ಕೈ ಹಾಕಿದ್ದಾರೆ' ಎಂಬ ಅನುಮಾನ ಕೊಳ್ಳುವವರಿಗೆ ಮೊದಲ ನೋಟದಲ್ಲೇ ಬರುತ್ತದೆ. ಮೆತ್ತನೆಯ ಹತ್ತಿಬಟ್ಟೆಯಿಂದ ಧೂಳು ಒರೆಸಿ, ಲೋಹಕ್ಕೆ ತೆಳುವಾಗಿ ಎಣ್ಣೆ ಸವರಿದರೆ ಆಯಿತು. ಬೆರಳಿನ ಬೆವರು ತುಕ್ಕಿಗೆ ಮೂಲ, ಕೈಗವಸು ಹಾಕಿಕೊಳ್ಳಿ. ಚರ್ಮದ ಹೋಲ್‌ಸ್ಟರ್ ಒಳಗೆ ಮಾತ್ರ ಇಡಬೇಡಿ. ಚರ್ಮ ತೇವ ಹೀರಿ ಲೋಹವನ್ನು ತಿನ್ನುತ್ತದೆ.

ಪ್ರಶ್ನೆ: ಆನೆದಂತದ ಹಿಡಿ ಇರುವ ರಿವಾಲ್ವರ್ ಮಾರಬಹುದೇ?

2016ರ ಜುಲೈಯಿಂದ ಆಫ್ರಿಕಾದ ಆನೆಯ ದಂತದ ವ್ಯಾಪಾರಕ್ಕೆ ಫೆಡರಲ್ ನಿಷೇಧ ಬಹುಮಟ್ಟಿಗೆ ಪೂರ್ತಿಯಾಗಿದೆ. ನೂರು ವರ್ಷ ದಾಟಿದ್ದು ದಾಖಲೆಯಿಂದ ಸಾಬೀತಾದರೆ, ಇಲ್ಲವೇ ದಂತ ವಸ್ತುವಿನ ಸಣ್ಣ ಭಾಗವಾಗಿದ್ದು 200 ಗ್ರಾಂಗಿಂತ ಕಡಿಮೆಯಿದ್ದು ಉಳಿದ ಷರತ್ತುಗಳೂ ಹೊಂದಿದರೆ ವಿನಾಯಿತಿ ಸಿಗುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳಿಗೆ ಅವುಗಳದೇ ನಿಷೇಧ ಬೇರೆ ಇದೆ. ಸಾಬೀತು ಮಾಡುವ ಹೊಣೆ ಮಾರುವವರದು. ಇಲ್ಲಿ ಕಾರ್ಖಾನೆಯ ಪತ್ರ ಮತ್ತೆ ಉಪಯೋಗಕ್ಕೆ ಬರುತ್ತದೆ: 1890ರ ದಶಕದ ರಿವಾಲ್ವರಿನ ಪತ್ರದಲ್ಲಿ 'ದಂತದ ಹಿಡಿ' ಎಂದು ನಮೂದಾಗಿದ್ದರೆ ಹಿಡಿಯ ವಯಸ್ಸಿಗೆ ಒಳ್ಳೆಯ ಆಧಾರ. ಇದೊಂದು ಕಾರಣಕ್ಕೇ ಇಂಥ ವಸ್ತುವನ್ನು ನಾವು ಹರಾಜು ಸಂಸ್ಥೆಗೆ ಕೊಡಿ ಅನ್ನುತ್ತೇವೆ. ಯಾವ ರಾಜ್ಯಕ್ಕೆ ಕಳಿಸಬಹುದು, ಯಾವುದಕ್ಕೆ ಕೂಡದು ಎಂದು ನೋಡಿಕೊಳ್ಳುವ ಸಿಬ್ಬಂದಿ ಅವರಲ್ಲಿರುತ್ತಾರೆ.

ಪ್ರಶ್ನೆ: ತೀರಿಕೊಂಡವರ ಟ್ರಂಕಿನಲ್ಲಿ ಹಳೆಯ ಮೆಷಿನ್ ಗನ್ ಸಿಕ್ಕಿದೆ. ನಳಿಗೆಗೆ ಬೆಸುಗೆ ಹಾಕಿ ಮುಚ್ಚಿದ್ದಾರೆ. ಅಲಂಕಾರದ ವಸ್ತುವೆಂದು ಮಾರಬಹುದೇ?

ಮಾರಬೇಡಿ, ಯಾರಿಗೂ ತೋರಿಸಬೇಡಿ, ಅಲ್ಲಿಂದ ಕದಲಿಸಬೇಡಿ. ನಳಿಗೆ ಮುಚ್ಚಿದರೂ ರಿಸೀವರ್, ಅಂದರೆ ಗುಂಡು ಹಾರಿಸುವ ಯಂತ್ರಭಾಗ ಕೂರುವ ಒಡಲು, ಇಡಿಯಾಗಿದ್ದರೆ ಕಾನೂನಿನ ಕಣ್ಣಿಗೆ ಅದು ಮೆಷಿನ್ ಗನ್ನೇ. 1934ರ ಕಾನೂನಿನಡಿ ಅದು ನೋಂದಣಿಯಾಗಿರಲೇಬೇಕು. ಆಗಿಲ್ಲದಿದ್ದರೆ ಈಗ ಮಾಡಿಸಲು ದಾರಿಯಿಲ್ಲ, ಇಟ್ಟುಕೊಂಡವರಿಗೆ ಹತ್ತು ವರ್ಷದ ತನಕ ಸಜೆ ಆಗಬಹುದು. ಮೊದಲು ಮೃತರ ಕಾಗದಪತ್ರಗಳಲ್ಲಿ, ಬ್ಯಾಂಕ್ ಲಾಕರಿನಲ್ಲಿ ನೋಂದಣಿ ನಮೂನೆ ಹುಡುಕಿ. 1968ರ ನವೆಂಬರಿನಲ್ಲಿ ಒಂದು ತಿಂಗಳ ಕ್ಷಮಾದಾನ ಅವಧಿ ಇತ್ತು, ಯುದ್ಧದಿಂದ ತಂದ ಎಷ್ಟೋ ಆಗ ನೋಂದಣಿಯಾದವು. ಸಿಗದಿದ್ದರೆ ಬಂದೂಕು ಕಾನೂನು ಬಲ್ಲ ವಕೀಲರ ಮೂಲಕ ನಿರ್ವಾಹಕರು ಬಂದೂಕು ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆಯಾದ ಎ.ಟಿ.ಎಫ್. ಇಲಾಖೆಯನ್ನು ವಿಚಾರಿಸಲಿ.

ನೋಂದಣಿ ಇದೆ ಎಂದಾದರೆ ಚಿತ್ರವೇ ಬದಲಾಗುತ್ತದೆ. 1986ರ ಮೇ 19ರ ನಂತರ ನಾಗರಿಕರಿಗಾಗಿ ಹೊಸದು ನೋಂದಣಿಯಾಗುವುದಿಲ್ಲವಾದ್ದರಿಂದ ಇರುವವುಗಳ ಸಂಖ್ಯೆ ಹೆಚ್ಚುವಂತಿಲ್ಲ, ಬೆಲೆ ಮಾತ್ರ ಹೆಚ್ಚುತ್ತಿದೆ. ವಾರಸುದಾರರಿಗೆ ವರ್ಗಾಯಿಸಲು ಫಾರ್ಮ್ 5, ತೆರಿಗೆಯಿಲ್ಲ. ಹೊರಗಿನವರಿಗೆ ಮಾರಲು ಫಾರ್ಮ್ 4, ಮೆಷಿನ್ ಗನ್ನಿಗೆ 200 ಡಾಲರ್ ತೆರಿಗೆ. ಅನುಮೋದನೆ ಬರುವ ತನಕ ವಸ್ತು ಕೈ ಬದಲಾಗಕೂಡದು.

ಪ್ರಶ್ನೆ: ಹತ್ತಾರು ಬಂದೂಕು ಮಾರಿದರೆ ಡೀಲರ್ ಲೈಸೆನ್ಸ್ ಬೇಕಾಗುತ್ತದೆಯೇ? ತೆರಿಗೆ ಎಷ್ಟು?

ಸ್ವಂತ ಸಂಗ್ರಹವನ್ನೋ ಆಸ್ತಿಯಾಗಿ ಬಂದದ್ದನ್ನೋ ಕರಗಿಸಲು ಲೈಸೆನ್ಸ್ ಬೇಕಿಲ್ಲ. ಲಾಭಕ್ಕಾಗಿ ಮತ್ತೆ ಮತ್ತೆ ಕೊಂಡು ಮಾರಿದರೆ ಬೇಕು. ಮಾರುವ ಕಾಲದಲ್ಲೇ ಅದೇ ಹಣದಿಂದ ಹೊಸದನ್ನು ಕೊಂಡು ಮಾರುತ್ತ ಹೋಗಬೇಡಿ. 1898 ಅಥವಾ ಅದಕ್ಕೂ ಮುಂಚೆ ತಯಾರಾದವು ಫೆಡರಲ್ ಕಾನೂನಿನಲ್ಲಿ 'ಪುರಾತನ', ಅವುಗಳಿಗೆ ಡೀಲರ್ ಮಧ್ಯಸ್ಥಿಕೆ ಬೇಡ; ರಾಜ್ಯದ ನಿಯಮ ಬೇರೆ ಇರಬಹುದು. ಲೆಕ್ಕಕ್ಕೆ ಬರುವುದು ಫ್ರೇಮ್ ತಯಾರಾದ ವರ್ಷ. ನಳಿಗೆಯ ಮೇಲಿನ ಪೇಟೆಂಟ್ ವರ್ಷ ನೋಡಿ ಮೋಸಹೋಗಬೇಡಿ, ಅದೇ ಪೇಟೆಂಟಿನಡಿ ದಶಕಗಳ ಕಾಲ ತಯಾರಿಸಿರುತ್ತಾರೆ.

ತೆರಿಗೆಯಲ್ಲಿ, ಒಂದು ವರ್ಷ ದಾಟಿ ಇಟ್ಟುಕೊಂಡ ಪುರಾತನ ಸಂಗ್ರಹವಸ್ತುಗಳ ಲಾಭಕ್ಕೆ ಫೆಡರಲ್ ದರ ಶೇ. 28ರ ತನಕ ಹೋಗುತ್ತದೆ. ಆಸ್ತಿಯಾಗಿ ಬಂದದ್ದಕ್ಕೆ ಮೂಲ ಬೆಲೆ ಎಂದು ಹಿಡಿಯುವುದು ಮೃತರು ಕೊಂಡ ಬೆಲೆಯನ್ನಲ್ಲ, ಅವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯನ್ನು. 1975ರಲ್ಲಿ 400 ಡಾಲರಿಗೆ ಕೊಂಡದ್ದು ಆ ದಿನ 9,000 ಬಾಳುತ್ತಿದ್ದು ಈಗ 9,500ಕ್ಕೆ ಹೋದರೆ ಲಾಭ 500 ಮಾತ್ರ. ಹಾಗಾಗಿ ಆ ದಿನಾಂಕದ ಲಿಖಿತ ಮೌಲ್ಯಮಾಪನ ಮಾಡಿಸಿಟ್ಟುಕೊಳ್ಳಿ. ವಿಮೆಗೆಂದು ಮಾಡಿಸಿದ ಮೌಲ್ಯಮಾಪನ ಇದಕ್ಕೆ ಆಗದು. ಅದು ಹೊಸದಾಗಿ ಕೊಳ್ಳಲು ಬೇಕಾಗುವ ಬೆಲೆಯನ್ನು ಹೇಳುತ್ತದೆ, ಯಾವಾಗಲೂ ಹೆಚ್ಚಿರುತ್ತದೆ.